ಜಯಂತಿಯ ಮೆಣಸಿನ ಜೊತೆ ಅಮ್ಮತ್ತಿಗೆ

ಹಾಸನ ಬಿಟ್ಟಾಗ ಬೆಳಿಗ್ಗೆ ಆರೂವರೆ. ಕುಶಾಲನಗರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ, ಆಧಾರ್ ಕಾರ್ಡ್ ನೋಡಿ ಕಂಡಕ್ಟರು ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟರು. ಫೆಬ್ರವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ.

ಹೊರಟ ಕಾರಣ ಮೊದಲೇ ಹೇಳಿಬಿಡುತ್ತೇನೆ. ಸುಂಟಿಕೊಪ್ಪದ ಹತ್ತಿರ ಐದು ಎಕರೆಯಲ್ಲಿ ಕಾಫಿ, ಕರಿಮೆಣಸು ಬೆಳೆಯುವ ಜಯಂತಿ ನನ್ನ ಹಳೆಯ ವಿದ್ಯಾರ್ಥಿನಿ. ಹಿಂದಿನ ದಿನ ಫೋನ್ ಮಾಡಿ, "ಮೇಡಂ, ನನ್ನ ಮೆಣಸು ಶ್ರೀಲಂಕಾದ್ದು ಅಂತ ವ್ಯಾಪಾರಿ ವಾಪಸ್ ಕಳಿಸವ್ನೆ. ನಾಳಿದ್ದು ಅಮ್ಮತ್ತೀಲಿ ಬೆಳೆಗಾರರ ಮೀಟಿಂಗ್ ಐತೆ. ನೀವು ಬಂದು ನಾಲ್ಕು ಮಾತಾಡ್ಬೇಕು" ಅಂದಿದ್ದಳು. ನೆರೆಹೊರೆಯ ದೇಶಗಳು ಸುಂಕ ಇಳಿಸಿಕೊಂಡು ವ್ಯಾಪಾರ ಮಾಡಿದರೆ ಇಬ್ಬರಿಗೂ ಲಾಭ ಎಂದು ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಆ ಪಾಠಕ್ಕೆ ಇಡೀ ತರಗತಿಯಲ್ಲಿ ಹೆಚ್ಚು ಅಂಕ ತೆಗೆದವಳು ಜಯಂತಿ. ಈಗ ಅವಳ ಪರವಾಗಿ ಏನು ಮಾತಾಡುವುದೆಂದು ಕೊಣನೂರು ದಾಟುವವರೆಗೂ ಯೋಚಿಸಿದೆ. ಏನೂ ಹೊಳೆಯದೆ, ಕಟ್ಟಿಕೊಂಡು ಬಂದಿದ್ದ ಚಪಾತಿ ಬಿಚ್ಚಿ ತಿಂದೆ.

ಕುಶಾಲನಗರದಲ್ಲಿ ಬಸ್ಸು ಬದಲಾಯಿಸಿ ಸುಂಟಿಕೊಪ್ಪದಲ್ಲಿ ಇಳಿದಾಗ ಹತ್ತೂವರೆ. ಜಯಂತಿ ಸ್ಕೂಟರ್ ತಂದಿದ್ದಳು. ಅವಳ ಮನೆಯವರೂ ಮೂಲತಃ ನಮ್ಮ ಹಾಸನದ ಕಡೆಯವರೇ, ಆದ್ದರಿಂದ ಊಟಕ್ಕೆ ರಾಗಿ ಮುದ್ದೆ ಸಿಕ್ಕಿತು. ಊಟವಾದ ಮೇಲೆ ಕಣಕ್ಕೆ ಕರೆದುಕೊಂಡು ಹೋದಳು. ಚಾಪೆಯ ಮೇಲಿದ್ದ ಮೆಣಸು ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಕಾಳೆಲ್ಲ ಒಂದೇ ಬಣ್ಣ, ಒಂದೇ ಕಪ್ಪು.

"ಚೆನ್ನಾಗಿದೆಯಲ್ಲೇ" ಅಂದೆ.

"ಅದೇ ತಪ್ಪಾಗಿರೋದು ಮೇಡಂ" ಅಂದಳು.

ಇಲ್ಲಿ ಹೆಚ್ಚಿನವರು ಮೆಣಸು ಬಿಡಿಸಿ ಹಾಗೇ ಬಿಸಿಲಿಗೆ ಹಾಕುತ್ತಾರೆ. ಕೆಲವು ಕಾಳು ಕಂದು, ಕೆಲವು ಬೂದಿ ಬಣ್ಣವಾಗುತ್ತವೆ. ಜಯಂತಿ ಈ ವರ್ಷ ಬುಟ್ಟಿಯಲ್ಲಿಟ್ಟು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಆಮೇಲೆ ಒಣಗಿಸಿದ್ದಳು. ಅದನ್ನು ಕಲಿಸಿದವಳು ಸೆಲ್ಲಮ್ಮ. ಪಕ್ಕದ ದೊಡ್ಡ ಎಸ್ಟೇಟಿನ ಕೂಲಿಗಳ ಲೈನ್ ಮನೆಯಲ್ಲಿದ್ದುಕೊಂಡು, ಮೆಣಸಿನ ಕಾಲದಲ್ಲಿ ಜಯಂತಿಯ ತೋಟಕ್ಕೆ ಬರುವ ಹೆಂಗಸು. ವಯಸ್ಸು ಅರವತ್ತರ ಹತ್ತಿರ. ಹುಟ್ಟಿದ್ದು ಶ್ರೀಲಂಕಾದ ಮಾತಳೆಯಲ್ಲಿ. ಹನ್ನೊಂದು ವರ್ಷದವಳಿದ್ದಾಗ ಅಲ್ಲಿನ ತೋಟಗಳ ತಮಿಳು ಕೂಲಿಗಳನ್ನು ಭಾರತಕ್ಕೆ ಕಳಿಸಲು ಎರಡು ಸರ್ಕಾರಗಳು ಮಾಡಿಕೊಂಡ ಒಪ್ಪಂದದ ಪ್ರಕಾರ ಅಪ್ಪ ಅಮ್ಮನ ಜೊತೆ ಹಡಗಿನಲ್ಲಿ ಇತ್ತ ಬಂದವಳು. ಅಣ್ಣ ಮಾತ್ರ ಅಲ್ಲೇ ಉಳಿದನಂತೆ. ಅದ್ದಿ ಒಣಗಿಸುವುದು ಅವಳ ತಾಯಿಯ, ಮಾತಳೆ ಕಡೆಯ ಕ್ರಮ.

ಹೊರಗಿನ ಮೆಣಸನ್ನು ಸುಂಕವಿಲ್ಲದೆ ತಂದು, ಇಲ್ಲಿಯದರ ಜೊತೆ ಬೆರೆಸಿ, ಕೊಡಗಿನದೆಂದು ಮಾರುವವರಿದ್ದಾರೆ ಎಂಬ ಗುಮಾನಿ ಊರಲ್ಲೆಲ್ಲ ಹಬ್ಬಿತ್ತು. ಅಂಥ ಹೊತ್ತಿನಲ್ಲಿ ಈ ಮಿಂಚುವ ಮೆಣಸು ವ್ಯಾಪಾರಿಯ ಕಣ್ಣಿಗೆ ಬಿತ್ತು. ಬೆಳೆಗಾರರ ಸಂಘದ ಅಧ್ಯಕ್ಷರು ಇದು ತೋಟದ್ದೇ ಎಂದು ಕಾಗದ ಕೊಟ್ಟರೆ ಸರಿ, ಇಲ್ಲವಾದರೆ ಕೊಳ್ಳುವುದಿಲ್ಲ ಎಂದಿದ್ದ.

"ಮೆಣಸು ಹಾಳಾಗೋಗ್ಲಿ ಮೇಡಂ. ಕಲಬೆರಕೆ ಮಾಡೋಳು ಅಂತ ಒಂದ್ಸಲ ಹೆಸರು ಬಂದ್ರೆ ನಾಳೆ ನನ್ನ ಕಾಫಿನೂ ಯಾರೂ ಮುಟ್ಟಲ್ಲ" ಅಂದಳು ಜಯಂತಿ. ಗಟ್ಟಿಗಿತ್ತಿ ಅವಳು. ಅವಳು ಹೀಗೆ ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮಾರನೆಯ ದಿನ ಮೂವರೂ ಹೊರಟೆವು. ಜಯಂತಿಯ ಕೈಯಲ್ಲಿ ಒಣಮೆಣಸಿನ ಚೀಲ, ಸೆಲ್ಲಮ್ಮನ ಕೈಯಲ್ಲಿ ಆಗಷ್ಟೇ ಕೊಯ್ದ ಹಸಿ ಗೊಂಚಲುಗಳ ಬುಟ್ಟಿ. ಚೆಟ್ಟಳ್ಳಿ ದಾರಿಯಾಗಿ ಸಿದ್ದಾಪುರ, ಅಲ್ಲಿಂದ ಖಾಸಗಿ ಬಸ್ಸು. ಇದರಲ್ಲಿ ಹೆಂಗಸರೂ ದುಡ್ಡು ಕೊಡಬೇಕು. ದಾರಿಯುದ್ದಕ್ಕೂ ಕಣಗಳಲ್ಲಿ ಕಾಫಿ ಒಣಗುವ ಹುಳಿ ವಾಸನೆ. ಬಸ್ಸಿನಲ್ಲಿ ನನ್ನ ಮುಂದೆ ಕೊಡವ ಭಾಷೆ, ಹಿಂದೆ ಮಲಯಾಳ, ಪಕ್ಕದಲ್ಲಿ ಸೆಲ್ಲಮ್ಮನ ತಮಿಳು ಬೆರೆತ ಕನ್ನಡ. ಇಷ್ಟೊಂದು ಭಾಷೆಗಳು ಒಂದೇ ಬಸ್ಸಿನಲ್ಲಿ ಹಿಡಿಯುತ್ತವೆ, ಮೆಣಸಿಗೆ ಮಾತ್ರ ಯಾಕೆ ಇಷ್ಟು ರಗಳೆ ಅನ್ನಿಸಿತು. ಸಿದ್ದಾಪುರದ ಹೋಟೆಲಿನಲ್ಲಿ ತಿಂದ ಪರೋಟ ಹೊಟ್ಟೆಯಲ್ಲಿ ಕೂತಿದ್ದರಿಂದಲೋ ಏನೋ, ಆ ಯೋಚನೆ ಮುಂದಕ್ಕೆ ಹೋಗಲಿಲ್ಲ.

ಸಭೆಯಲ್ಲಿ ನೂರು ಜನ ಇದ್ದಿರಬಹುದು. ನನ್ನನ್ನು ಮೊದಲು ಮಾತಾಡಿಸಿದರು. ನೆರೆಯ ದೇಶಗಳ ಜೊತೆ ವ್ಯಾಪಾರ ಬೇಕು ಎಂದು ಶುರುಮಾಡಿದೆ. ಸಭೆ ತಣ್ಣಗಾಯಿತು. ಆದರೆ ಬೆಳೆಗಾರರು ಮುಳುಗಬಾರದು ಎಂದೆ. ಚಪ್ಪಾಳೆ ಬಿತ್ತು. ಆದರೂ ಆಚೆಯವರೂ ಬೆಳೆಗಾರರೇ ತಾನೇ ಎಂದೆ. ಮತ್ತೆ ತಣ್ಣಗಾಯಿತು. ಹೀಗೆ ನಾಲ್ಕು ಸಲ ಅತ್ತಿತ್ತ ಓಡಾಡಿ, ಕೊನೆಗೆ ನಾನು ಯಾವ ಕಡೆ ನಿಂತಿದ್ದೇನೆಂದು ನನಗೇ ತಿಳಿಯದೆ ನಮಸ್ಕಾರ ಹೇಳಿ ಕೂತೆ.

ಅಧ್ಯಕ್ಷರು ಎಪ್ಪತ್ತು ದಾಟಿದ ಪ್ಲಾಂಟರು. ಜಯಂತಿಯ ಚೀಲದಿಂದ ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಡಿದರು. "ಖಾರ ಸರಿ ಉಂಟು. ಆದ್ರೆ ಈ ಪಾಲಿಶ್ ನಮ್ಮದಲ್ಲಮ್ಮ. ಐವತ್ತು ವರ್ಷದಿಂದ ಮೆಣಸು ನೋಡ್ತಿದ್ದೇನೆ" ಅಂದರು. ಜಯಂತಿ ವಾದಕ್ಕೆ ಹೋಗಲಿಲ್ಲ. ಅಡುಗೆಯವರಿಂದ ಒಂದು ಪಾತ್ರೆ ಬಿಸಿನೀರು ಬೇಕೆಂದಳು. ಸೆಲ್ಲಮ್ಮ ಎಲ್ಲರೆದುರು ಹಸಿಮೆಣಸು ಉದುರಿಸಿ, ಅರ್ಧವನ್ನು ನೀರಿಗೆ ಅದ್ದಿ, ಉಳಿದರ್ಧವನ್ನು ಅದ್ದದೆ, ಎರಡನ್ನೂ ಅಂಗಳದ ಬಿಸಿಲಿನಲ್ಲಿ ಅಕ್ಕಪಕ್ಕ ಹರವಿದಳು. ಭಾಷಣಗಳು, ಊಟ, ಮತ್ತೆ ಭಾಷಣಗಳು ಮುಗಿಯುವಷ್ಟರಲ್ಲಿ ಅದ್ದಿದ ಕಾಳು ಕಪ್ಪಾಗಿ ಮಿಂಚತೊಡಗಿತ್ತು. ಅದ್ದದೇ ಇದ್ದದ್ದು ಇನ್ನೂ ಹಸಿರೇ ಇತ್ತು.

ಅಧ್ಯಕ್ಷರು ಬಗ್ಗಿ ನೋಡಿದರು, ಒಳ್ಳೆಯ ಮನುಷ್ಯ, ಜೋರಾಗಿ ನಕ್ಕುಬಿಟ್ಟರು. "ನಾನು ಸೋತೆ. ಎಲ್ಲಿ ಕಲಿತದ್ದಮ್ಮ ಇದು, ನಿನ್ನ ಊರು ಯಾವುದು?"

"ನಮ್ಮಮ್ಮ ಕಲಿಸಿದ್ದು ಸಾರ್. ನಮ್ ಊರು..." ಎಂದು ಸೆಲ್ಲಮ್ಮ ಬಾಯಿ ತೆರೆದಳು.

"ಸುಂಟಿಕೊಪ್ಪ. ನಮ್ಮ ಸುಂಟಿಕೊಪ್ಪದವಳೇ ಸಾರ್" ಅಂದಳು ಜಯಂತಿ, ಅವಳ ಮಾತಿನ ಮೇಲೆಯೇ.

ಸೆಲ್ಲಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಐವತ್ತು ವರ್ಷಕ್ಕೆ ಹತ್ತಿರ ಸುಂಟಿಕೊಪ್ಪದಲ್ಲಿ ಬಾಳಿದವಳನ್ನು ಸುಂಟಿಕೊಪ್ಪದವಳು ಎಂದರೆ ಸುಳ್ಳೇನಲ್ಲ. ಆದರೂ ನನಗೆ ನಾಚಿಕೆಯಾಯಿತು. ಅಧ್ಯಕ್ಷರು ಅಲ್ಲೇ ಕಾಗದ ಬರೆದು, ರುಜು ಹಾಕಿ, ಮೊಹರು ಒತ್ತಿ ಕೊಟ್ಟರು.

ಆಮೇಲೆ ನಿರ್ಣಯ. ನೆರೆಯ ದೇಶಗಳಿಂದ ಸುಂಕವಿಲ್ಲದೆ ಮೆಣಸು ಬರುವುದನ್ನು ಸರ್ಕಾರ ಕೂಡಲೇ ನಿಲ್ಲಿಸಬೇಕು, ಒಪ್ಪುವವರು ಕೈ ಎತ್ತಿ ಎಂದರು. ಜಯಂತಿ ಎತ್ತಿದಳು. ಹಿಂದಿನ ಬೆಂಚಿನಲ್ಲಿದ್ದ ಸೆಲ್ಲಮ್ಮನೂ ಎತ್ತಿದಳು. ನನ್ನ ಕೈ ಅರ್ಧಕ್ಕೆ ಹೋಗಿ ನಿಂತಿತು. ಎಣಿಸುತ್ತಿದ್ದವರು ಅದನ್ನೂ ಎಣಿಸಿಕೊಂಡರು.

ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು. ಅಮ್ಮತ್ತಿ ಪೇಟೆಯ ಅಂಗಡಿಯೊಂದರ ನೆರಳಿನಲ್ಲಿ ನಿಂತಿದ್ದಾಗ ಸೆಲ್ಲಮ್ಮನ ಮೊಬೈಲಿಗೆ ವಿಡಿಯೋ ಕರೆ ಬಂತು. ಮಾತಳೆಯ ಅಣ್ಣ. ಬನಿಯನ್ ಹಾಕಿಕೊಂಡ ನರೆತ ತಲೆಯವನು, ಹಿಂದೆ ಚಾಪೆಯ ಮೇಲೆ ಒಣಗಲು ಹಾಕಿದ ಮೆಣಸು. ನನಗೆ ತಮಿಳು ಅಷ್ಟಿಷ್ಟು ತಿಳಿಯುತ್ತದೆ. ಈ ಸಲ ಇಂಡಿಯಾದವರು ಚೆನ್ನಾಗಿ ಕೊಳ್ಳುತ್ತಿದ್ದಾರೆ, ಮನೆಗೆ ತಾರಸಿ ಹಾಕಿಸಿಬಿಡುತ್ತೇನೆ, ನೀನು ಬಂದು ನೋಡಬೇಕು ಎನ್ನುತ್ತಿದ್ದ. "ಸಂತೋಷಂ ಅಣ್ಣೇ" ಎಂದು ಸೆಲ್ಲಮ್ಮ ಮೂರು ಸಲ ಹೇಳಿದಳು. ಸಭೆಯ ಮಾತು ಎತ್ತಲಿಲ್ಲ.

ಬಸ್ಸಿನಲ್ಲಿ ನಾನೂ ಅವಳೂ ಒಂದೇ ಸೀಟಿನಲ್ಲಿ ಕೂತೆವು. ಜಯಂತಿ ಮುಂದಿನ ಸೀಟಿನಲ್ಲಿ, ಕಾಗದವನ್ನು ಮಡಿಸದೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಬಸ್ಸು ಹೊರಟು ಅಮ್ಮತ್ತಿಯ ಅಂಗಡಿಗಳು ಹಿಂದಾದ ಮೇಲೆ, ನೀನು ಯಾಕೆ ಕೈ ಎತ್ತಿದೆ ಎಂದು ಸೆಲ್ಲಮ್ಮನನ್ನು ಮೆಲ್ಲಗೆ ಕೇಳಿದೆ.

"ಜಯಂತಿಯಮ್ಮನ ಮೆಣಸು ಮಾರಿ ಹೋಗ್ಬೇಕಲ್ಲ ಮೇಡಂ" ಅಂದಳು. ಖಾಲಿ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು. "ನೀವು ಓದಿದವರು, ಹೇಳಿ. ನಾವೆಲ್ಲ ಹಂಗೆ ಕೈ ಎತ್ತಿದ್ರೆ ಅಲ್ಲಿಂದ ಬರೋದು ನಿಜವಾಗ್ಲೂ ನಿಂತೋಗುತ್ತಾ?"

ಅವಳ ಅಣ್ಣನ ತಾರಸಿ ನೆನಪಾಯಿತು. "ಇಲ್ಲಮ್ಮ, ಅಷ್ಟಕ್ಕೆಲ್ಲ ಏನೂ ನಿಲ್ಲಲ್ಲ" ಎಂದೆ.

ಅದೇ ನಿಲ್ಲಲೆಂದು ಕೈ ಎತ್ತಿದ್ದ ಜಯಂತಿ ಮುಂದಿನ ಸೀಟಿನಿಂದ ತಿರುಗಿ ನನ್ನನ್ನು ನೋಡಿದಳು.