ಕವರಿನ ಮೇಲಿನ ಕೆಂಪು ಗೆರೆಗಳು

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದಾಗ ತಿರುಗಿ ನೋಡಿದೆ. ಅಕ್ಕಲಕೋಟೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಮದುವೆಮನೆಯಲ್ಲಿ ಕಾಲಿಡಲು ಜಾಗವಿಲ್ಲದೆ ವಯಸ್ಸಾದವರನ್ನೆಲ್ಲ ಪಕ್ಕದ ಮನೆಯಲ್ಲಿ ಕೂರಿಸಿದ್ದರು. ಆ ಮನೆಯ ಹೆಂಗಸು ನಮಗೆ ಹಾಸಲೆಂದು ಟ್ರಂಕಿನಿಂದ ಹಳೆಯ ಸೊಲ್ಲಾಪುರ ಚಾದರ ತೆಗೆದು ಕೊಡವಿದರು. ಅದರ ಮೇಲೆ ನವಿಲಿಲ್ಲ, ಕಮಲವಿಲ್ಲ. ಹಳದಿ ಬಯಲಿನ ನಡುವೆ ಗೋಡೆಯೇ ಇಲ್ಲದೆ ನಿಂತ ಒಂದು ನೀಲಿ ಬಾಗಿಲು, ಅದರ ಮೇಲೆ ಒಂದು ಹಕ್ಕಿ. ಸರಿಯಾಗಿ ನೋಡುವ ಮೊದಲೇ ಯಾರೋ ಅದರ ಮೇಲೆ ಕೂತುಬಿಟ್ಟರು.

ಆ ಬಾಗಿಲನ್ನು ನಾನು ಬಲ್ಲೆ. ಹತ್ತೊಂಬತ್ತರ ವಯಸ್ಸಿನಲ್ಲಿ ನನ್ನ ಹತ್ತಿರವಿದ್ದ ಇಂಗ್ಲಿಷ್ ರೆಕಾರ್ಡೊಂದರ ಕವರಿನ ಚಿತ್ರ ಅದು…

ಎಪ್ಪತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದಲ್ಲಿ ಅಪ್ಪನಿಗೆ ನೂಲಿನ ವ್ಯಾಪಾರವಿತ್ತು. ನಮ್ಮ ವಾಡೆಯ ಹಿಂದಿನ ಎರಡು ಕೋಣೆಗಳಲ್ಲಿ ಚಾದರಕ್ಕೆ ನಕ್ಷೆ ಬರೆಯುವವರೊಬ್ಬರು ಬಾಡಿಗೆಗಿದ್ದರು. ನಾವು ಕಾಕಾ ಎನ್ನುತ್ತಿದ್ದೆವು. ದಿನವಿಡೀ ಚೌಕಳಿ ಕಾಗದದ ಮುಂದೆ ಬಗ್ಗಿ ಕೂತು ಒಂದೊಂದೇ ಚೌಕಕ್ಕೆ ಬಣ್ಣ ತುಂಬುತ್ತಿದ್ದರು. ಅದನ್ನು ನೋಡಿ ಶೆಡ್ಡಿನ ಕೆಲಸಗಾರರು ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸುತ್ತಿದ್ದರಂತೆ. ಒಂದು ಚೌಕ ತಪ್ಪಿದರೆ ನವಿಲಿನ ಕೊಕ್ಕು ಸೊಟ್ಟಗಾಗುತ್ತದೆ ಎನ್ನುತ್ತಿದ್ದರು. ಯಾವ ನವಿಲು, ಎಷ್ಟು ಕಮಲ ಎಂದು ಹೇಳುವವನು ಚಾದರದ ಸೇಠ.

ಕಾಕಾನ ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು ತಾನು ಮೆಚ್ಚಿದವನನ್ನು ಮದುವೆಯಾಗಿ ಅಕ್ಕಲಕೋಟೆಗೆ ಹೋಗಿದ್ದಳು. "ಆಕಿಗೆ ನನ್ನ ಮನಿ ಬಾಗಲಾ ಮುಚ್ಚೇತ್ರಿ ವೈನಿ," ಎಂದು ಬಾಡಿಗೆಗೆ ಬಂದ ದಿನವೇ ಅವ್ವನ ಮುಂದೆ ಹೇಳಿದ್ದರು. ಆದರೂ ಅಕ್ಕಲಕೋಟೆಯ ಬಸ್ಸಿಳಿದು ನಮ್ಮ ಮನೆಗೆ ಯಾರು ಬಂದರೂ ಹೊರಗೆ ಬಂದು ಅಲ್ಲಿನ ಮಳೆ, ಜೋಳ, ರಸ್ತೆ ಎಲ್ಲವನ್ನೂ ವಿಚಾರಿಸುತ್ತಿದ್ದರು. ಮಗಳ ಸುದ್ದಿಯನ್ನು ಮಾತ್ರ ಕೇಳುತ್ತಿರಲಿಲ್ಲ.

ನನ್ನ ಲೋಕ ಆಗ ಮೂರು ರೆಕಾರ್ಡುಗಳು. ಮುಂಬಯಿಯ ಸೋದರಮಾವ ಯಾವುದೋ ಹಳೆ ಸಾಮಾನಿನ ಅಂಗಡಿಯಿಂದ ತಂದುಕೊಟ್ಟವು. ಮೊದಲನೆಯದಕ್ಕೆ ಕಪ್ಪು ಕವರು. ಅದರ ಗಿಟಾರು ತಗಡು ಎಳೆದಂತೆ ಕಿರುಚುತ್ತಿತ್ತು. ಮೂರನೆಯ ಹಾಡಿನಲ್ಲಿ ಗೀರು ಬಿದ್ದು, ಮುಳ್ಳನ್ನು ಬೆರಳಿನಿಂದ ನೂಕುವ ತನಕ ಹಾಡುವವನು ಒಂದೇ ಪದ ಒದರುತ್ತಿದ್ದ. ಈಗ ಮೊಮ್ಮಗಳ ಫೋನಿನಲ್ಲಿ ಅದೇ ಹಾಡು ತಡೆಯಿಲ್ಲದೆ ಸಾಗಿದರೆ ಏನೋ ಕಳೆದುಹೋಯಿತು ಅನಿಸುತ್ತದೆ. ಎರಡನೆಯದರಲ್ಲಿ ಒಂದು ಬದಿಗೆಲ್ಲ ಒಂದೇ ಹಾಡು. ಅದು ಮುಗಿಯುವಷ್ಟರಲ್ಲಿ ಅವ್ವ ಮನೆಮಂದಿಗೆಲ್ಲ ಭಕ್ರಿ ಬಡಿದು ಮುಗಿಸುತ್ತಿದ್ದಳು. ಬರೀ ಗದ್ದಲ ಎಂದು ಬೈಯುತ್ತಿದ್ದಳು, ಆದರೆ ಡ್ರಮ್ಮಿನ ಗತ್ತಿಗೇ ರೊಟ್ಟಿ ತಟ್ಟುತ್ತಿದ್ದಳು.

ಮೂರನೆಯದು ಬಾಗಿಲಿನ ಕವರಿನದು. ನನಗೆ ಅದೇ ಪ್ರಾಣ. ಕೊನೆಯ ಹಾಡು ಒಂಟಿ ಗಿಟಾರಿನಿಂದ ಮೆಲ್ಲಗೆ ಶುರುವಾಗುತ್ತಿತ್ತು. ಇನ್ನೇನು ನಿದ್ದೆ ಬರಬೇಕು, ಅಷ್ಟರಲ್ಲಿ ಡ್ರಮ್ಮು, ಕೂಗು ಎಲ್ಲ ಒಟ್ಟಿಗೆ ಮೇಲೆ ಬೀಳುತ್ತಿದ್ದವು. ಒಂದು ಮಾತೂ ನನಗೆ ಅರ್ಥವಾಗುತ್ತಿರಲಿಲ್ಲ. ಕಾಲೇಜಿನಲ್ಲಿ ಮಾತ್ರ ಎಲ್ಲ ತಿಳಿದವಳಂತೆ ತಲೆಯಾಡಿಸುತ್ತಿದ್ದೆ.

ಒಂದು ಮಧ್ಯಾಹ್ನ ಕಾಕಾ ಬಾಗಿಲಲ್ಲಿ ನಿಂತು ಆ ಹಾಡನ್ನು ಪೂರ್ತಿ ಕೇಳಿದರು.

"ನಮ್ಮ ಶೆಡ್ಡಿನಾಗ ಮಗ್ಗ ಹೊಡದಂಗ ಐತಿ, ಬೇಬಿ. ಅಲ್ಲಿ ಹಾಡವ್ರು ಯಾರೂ ಇಲ್ಲ, ಅಷ್ಟ," ಎಂದರು. ಆಮೇಲೆ ಕವರನ್ನು ಕೈಗೆತ್ತಿಕೊಂಡು, "ಏನ್ ಹೇಳಾಕತ್ತಾನ ಇಂವಾ?" ಎಂದರು.

ಗೊತ್ತಿಲ್ಲ ಎನ್ನಲು ನನಗೆ ಜಂಬ ಬಿಡಲಿಲ್ಲ. ಚಿತ್ರ ನೋಡಿಕೊಂಡೇ ಕಥೆ ಕಟ್ಟಿದೆ. "ಒಬ್ಬಾಂವ ಸಿಟ್ಟಿಗೆ ಬಾಗಲಾ ಹಾಕ್ಕೊಂಡಾನ್ರಿ ಕಾಕಾ. ಹಾಕ್ಕೊಂಡು ಹಾಕ್ಕೊಂಡು ಮನೀನೂ ಹೋತು, ಗ್ವಾಡಿನೂ ಬಿದ್ವು. ಬಾಗಲಾ ಒಂದ ಉಳದೈತಿ. ಹೊರಗ ಹೋದವ್ರು ಬಂದ್ರ ಹೇಳಾಕ ಹಕ್ಕಿ ಕೂತೈತಿ."

ಅರ್ಧ ಹೇಳುವಷ್ಟರಲ್ಲಿ ಯಾರಿಗೆ ಹೇಳುತ್ತಿದ್ದೇನೆ ಎಂಬುದು ಹೊಳೆದು ನಾಲಿಗೆ ತಡವರಿಸಿತು. ಕಾಕಾ ಕವರನ್ನು ಬೆಳಕಿನ ಕಡೆ ತಿರುಗಿಸಿ ಹಿಡಿದರು. "ಎರಡು ದಿನಾ ಇದನ್ನ ಕೊಡ್ತೀಯೇನು? ಬರೇ ಕವರ್ ಸಾಕು," ಎಂದು ಕೇಳಿದರು. ಕೊಟ್ಟೆ.

ಅವರಿಗೆ ಗೊತ್ತಿದ್ದ ಕೆಲಸದ ರೀತಿ ಒಂದೇ. ಚಿತ್ರವನ್ನು ಚಾದರಕ್ಕಿಳಿಸಬೇಕಾದರೆ ಮೊದಲು ಅದರ ಮೇಲೆ ಚೌಕ ಹಾಕಬೇಕು. ಎರಡು ದಿನಗಳ ನಂತರ ಬಂದ ನನ್ನ ಕವರಿನ ತುಂಬ ಕೆಂಪು ಪೆನ್ಸಿಲಿನ ಗೆರೆಗಳಿದ್ದವು, ಅಡ್ಡ, ಉದ್ದ, ಅಂಗುಲಕ್ಕೆ ಎಂಟೆಂಟು. ಕಾಕಾ ಖುಷಿಯಲ್ಲಿದ್ದರು. "ಸೇಠಗ ಕೇಳಾಂಗಿಲ್ಲ, ಒಂದ ಪೀಸು ನಾನs ನೇಯಿಸ್ತೀನಿ," ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಕವರನ್ನು ಕಸಿದುಕೊಂಡೆ.

"ಇನ್ನೊಬ್ರದ್ದು ಏನ್ ಹಾಳಾದ್ರ ನಿಮಗೇನ್ರಿ? ಇದಕ್ಕs ನಿಮ್ಮ ಮಗಳು ನಿಮ್ಮ ಮಾರಿ ನೋಡಾಂಗಿಲ್ಲ!"

ಅವರು ತಮ್ಮ ಕೆಂಪಾದ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಹಿಂದಕ್ಕೆ ಹೋದರು.

ತಿಂಗಳು ಕಳೆದಿರಬೇಕು. ನನ್ನ ಕೋಣೆಯ ಬಾಗಿಲು ಬಡಿಯಿತು. "ಬೇಬಿ, ತಗಿ ಬಾಗಲಾ. ನಿನಗೊಂದು ತಂದೀನಿ." ನಾನು ಚಿಲಕ ತೆಗೆಯಲಿಲ್ಲ. ಕಪ್ಪು ಕವರಿನ ರೆಕಾರ್ಡನ್ನು ದೊಡ್ಡ ದನಿಯಲ್ಲಿ ಹಚ್ಚಿದೆ. ಒಂದು ಹಾಡು ಮುಗಿಯುವ ತನಕ ನಿಂತಿದ್ದು ಹೋದರೆಂದು ಆಮೇಲೆ ಅವ್ವ ಹೇಳಿದಳು. ಅದೇ ವೈಶಾಖದಲ್ಲಿ ಮದುವೆಯಾಗಿ ನಾನು ಮಂಗಳವೇಢೆಗೆ ಹೋದೆ. ಮೊದಲ ಸಲ ತವರಿಗೆ ಬಂದಾಗ ಹಿಂದಿನ ಕೋಣೆಗಳಲ್ಲಿ ಬೇರೆಯವರಿದ್ದರು. ಕಾಕಾ ಎಲ್ಲಿ ಎಂದು ನಾನು ಕೇಳಲಿಲ್ಲ. ಕೇಳಬಹುದಿತ್ತು…

ಹಲವು ವರ್ಷಗಳ ಮೇಲೆ ಮೊಮ್ಮಗಳು ಆ ಹಾಡಿನ ಸಾಲುಗಳನ್ನು ಹುಡುಕಿ ಓದಿ ಹೇಳಿದಳು. ಹೋಟೆಲಿನ ಕೆಲಸ ಬಿಟ್ಟವನೊಬ್ಬನ ಪೇಚಾಟ. ಬಾಗಿಲಿನ ಮಾತೇ ಅದರಲ್ಲಿರಲಿಲ್ಲ.

ಅಕ್ಕಲಕೋಟೆಯ ಆ ಮನೆಯಲ್ಲಿ ಉಳಿದವರೆಲ್ಲ ಊಟಕ್ಕೆ ಎದ್ದ ಮೇಲೆ ಚಾದರ ಹಾಸಿದ ಹೆಂಗಸನ್ನು ಕೇಳಿದೆ. "ಈ ಚಾದರ ಎಲ್ಲೀದ್ರಿ?"

"ನಮ್ಮಪ್ಪಾರು ನೇಯಿಸಿದ್ರಿ. ಇದೊಂದs ಪೀಸು. ಏಳು ವರ್ಷ ನನ್ನ ಕೂಡ ಮಾತಿಲ್ಲ ಕತಿ ಇಲ್ಲ. ಒಂದಿನ ಇದನ್ನ ಬಗಲಾಗ ಹಿಡಕೊಂಡು ಬಂದು ಹೊರಗ ನಿಂತ್ರು. ಮೊದಲ ಯಾರೋ ಒಬ್ಬಾಕಿಗೆ ಕೊಡಾಕ ಹೋಗಿದ್ರಂತ, ಆಕಿ ಬಾಗಲಾ ತಗೀಲಿಲ್ಲಂತ. 'ನೀನರೆ ತಗೀತೀಯೇನವಾ' ಅಂದ್ರು." ಅವರು ಚಾದರದ ಅಂಚು ಸರಿಪಡಿಸಿದರು. "ಕಡೀತನಕ ನನ್ನ ಹತ್ರನs ಇದ್ರು. ಆಕಿ ಯಾರಂತ ಹೇಳಲೇ ಇಲ್ಲ ನೋಡ್ರಿ."

ಆಕೆ ನಾನೇ ಎಂಬ ಮಾತು ತುಟಿಯ ತನಕ ಬಂತು. ಹೇಳಲಿಲ್ಲ. ಈಗ ಚಾದರ ಪೂರ್ತಿ ಕಾಣುತ್ತಿತ್ತು. ಹಕ್ಕಿ ನೇಯ್ಗೆಯಲ್ಲಿ ದಪ್ಪಗಾಗಿ ಹೇಂಟೆಯಂತಾಗಿತ್ತು. ಬಾಗಿಲು ಅರ್ಧ ತೆರೆದಿತ್ತು. ಕವರಿನಲ್ಲಿ ಅದು ಮುಚ್ಚಿದ ಬಾಗಿಲು, ಅದು ನನಗೆ ಚೆನ್ನಾಗಿ ನೆನಪಿದೆ.

ಬಸ್ಸಿನಲ್ಲಿ ಬರುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನು ಹಾಗೆ ಚುಚ್ಚಿ ಮಾತಾಡಿದ್ದಕ್ಕೇ ಅವರ ಮನಸ್ಸು ಕರಗಿರಬೇಕು, ನಾನು ಚಿಲಕ ತೆಗೆಯದೆ ಇದ್ದದ್ದಕ್ಕೇ ಮಗಳ ಮನೆಗೆ ಹೋಗಿರಬೇಕು, ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಎಂದು. ಸೊಲ್ಲಾಪುರದಲ್ಲಿ ಬಸ್ಸಿಳಿಯುವ ಹೊತ್ತಿಗೆ ಅದನ್ನು ನಂಬಿಯೂ ಬಿಟ್ಟಿದ್ದೆ.

ಮರುದಿನ ತವರುಮನೆಯ ಅಟ್ಟದಿಂದ ರೆಕಾರ್ಡುಗಳನ್ನು ಇಳಿಸಿದೆ. ಅವುಗಳನ್ನು ಹಾಕಿ ಕೇಳುವ ಯಂತ್ರ ಮನೆಯಲ್ಲಿಲ್ಲ. ಬಾಗಿಲಿನ ಕವರನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸಿಟ್ಟಿನಿಂದ ಅಂದು ಎತ್ತಿಟ್ಟವಳು ಆ ಗೆರೆಗಳನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ. ಅಡ್ಡ ಗೆರೆ, ಉದ್ದ ಗೆರೆ, ಎಲ್ಲ ಅಳತೆಗೆ ಸರಿಯಾಗಿ. ಬಾಗಿಲಿನ ಮೇಲೆ ಮಾತ್ರ ಓರೆಯಾಗಿ ಇನ್ನೊಂದು ಗೆರೆ, ಬಾಗಿಲು ಎಷ್ಟು ತೆರೆಯಬೇಕು ಎಂಬುದರ ಗುರುತು. ನಾನು ಬೈದ ದಿನ ಅದು ಆಗಲೇ ಅಲ್ಲಿತ್ತು.