ಗೆರೆ ಮುಟ್ಟಿದ ಬೆರಳು

ಮಗಳ ಕೈಗೆ ಸೌಟು ಕೊಟ್ಟು ಫೋಟೋ ತೆಗೆಯಬಹುದಿತ್ತು. ಲಂಗ-ದಾವಣಿ ಉಡಿಸಿ ರಂಗೋಲಿ ಪಕ್ಕ ಕೂರಿಸಬಹುದಿತ್ತು. ಮದುವೆ ಯಾವಾಗ ಎಂದು ಕೇಳಬಹುದಿತ್ತು. ಅವಳ ನಗುವನ್ನೇ ಹೊಗಳುತ್ತಾ, ಆಡುವುದು ಕಬಡ್ಡಿಯೋ ಕೇರಮ್ಮೋ ಎನ್ನುವುದನ್ನು ಮರೆಯಬಹುದಿತ್ತು. ಇಲ್ಲವೇ ಇಡೀ ಸುದ್ದಿಯನ್ನು ಟೈರಿನ ಜಾಹೀರಾತಿನ ಕೆಳಗೆ ಎರಡು ಸಾಲಿಗೆ ಇಳಿಸಬಹುದಿತ್ತು. ಇನ್ನೂ ಮೆಟ್ರೋ ಬಂದಿರದ ವಿಜಯನಗರದ ನಮ್ಮ ಮನೆಗೆ ಪತ್ರಿಕೆಯವರು ಬರುತ್ತಾರೆಂದು ತಿಳಿದ ಗಳಿಗೆಯಿಂದ ನಾನು ಇವಿಷ್ಟನ್ನೂ ಬೆರಳು ಮಡಚಿ ಎಣಿಸುತ್ತಿದ್ದೆ.

ಭಯ ಸುಮ್ಮನೆ ಹುಟ್ಟಿದ್ದಲ್ಲ. ಹಿಂದಿನ ವರ್ಷ ಅವಳ ತಂಡದ ನಾಯಕಿಯ ಬಗ್ಗೆ ಬಂದ ಬರಹದಲ್ಲಿ ಆ ಹುಡುಗಿ ಚಪಾತಿ ಲಟ್ಟಿಸುತ್ತಿದ್ದಳು. ಎಷ್ಟು ಪಾಯಿಂಟ್ ತಂದಳೆಂದು ಎಲ್ಲೂ ಇರಲಿಲ್ಲ. ಚಪಾತಿ ಮೃದುವಾಗಿತ್ತೆಂದು ಇತ್ತು.

ಮುಂಜಾಗ್ರತೆಯಾಗಿ ಅಡುಗೆಮನೆಗೆ ಬೀಗ ಹಾಕಿದೆ. ವರದಿಗಾರರೂ ಫೋಟೋಗ್ರಾಫರೂ ಬಂದು ಕೂತ ಮೇಲೆ, ಅವರಿಗೆ ಕಾಫಿ ಕೊಡಬೇಕಲ್ಲ ಎನ್ನುವುದು ಹೊಳೆಯಿತು. ಗಂಡನ ಕೈಗೆ ಫ್ಲಾಸ್ಕ್ ಕೊಟ್ಟು ದರ್ಶಿನಿ ಹೋಟೆಲಿಗೆ ಓಡಿಸಿದೆ.

"ಮೇಡಂ, ಒಂದು ಫೋಟೋ ಅಡುಗೆಮನೇಲಿ ತೆಗೆಯೋಣ್ವಾ?" ಎಂದರು ಫೋಟೋಗ್ರಾಫರ್.

"ಗ್ಯಾಸ್ ಖಾಲಿ ಸಾರ್," ಎಂದೆ.

"ಉರಿ ಬೇಡ ಮೇಡಂ, ಸುಮ್ನೆ ಸೌಟು ಹಿಡ್ಕೊಂಡ್ರೆ ಸಾಕು."

ಮಗಳು ಮೊಣಕಾಲಿನ ಪಟ್ಟಿ ಸರಿಮಾಡಿಕೊಳ್ಳುತ್ತಾ, "ಸಾರ್, ನಮ್ಮನೇಲಿ ಅಡುಗೆ ಅಪ್ಪಂದು. ಬೇಕಾದ್ರೆ ಅವ್ರದ್ದು ತೆಗೀರಿ. ನಂದು ಬೇಕು ಅಂದ್ರೆ ಸಂಜೆ ಗ್ರೌಂಡಿಗೆ ಬನ್ನಿ, ಫೈನಲ್ ಇದೆ," ಎಂದಳು.

ಇನ್ನು ಆ ಎರಡು ಸಾಲೂ ಬಂದ ಹಾಗೇ ಎಂದುಕೊಂಡೆ. ವರದಿಗಾರರು ಮಾತ್ರ ನಕ್ಕು, "ಬರ್ತೀವಿ ಕಣಮ್ಮ" ಎಂದರು.

ಬಂದರು ಕೂಡ. ಎರಡೂ ತಂಡ ಸಮ, ಕೊನೆಯ ರೈಡ್ ನನ್ನ ಮಗಳದು. ಎದುರಾಳಿಯೊಬ್ಬಳನ್ನು ಮುಟ್ಟಿ ಹೊರಳುವಷ್ಟರಲ್ಲಿ ಇಬ್ಬರು ಅವಳ ಕಾಲು ಹಿಡಿದರು, ಮೂವರು ಮೇಲೆ ಬಿದ್ದರು. ನಾನು ಕಣ್ಣು ಮುಚ್ಚಿಕೊಂಡೆ. ಮಣ್ಣಿನಲ್ಲಿ ತೆವಳಿ, ಉಸಿರು ಬಿಡದೆ ಕೈ ಚಾಚಿ ಬೆರಳ ತುದಿಯಿಂದ ನಡುಗೆರೆ ಮುಟ್ಟಿ ಗೆಲ್ಲಿಸಿದಳೆಂದು ಪಕ್ಕದಲ್ಲಿದ್ದವರು ಹೇಳಿ ಗೊತ್ತಾಯಿತು.

ನಾನು ನೋಡದ್ದನ್ನು ಮರುದಿನದ ಪತ್ರಿಕೆ ತೋರಿಸಿತು. ಕ್ರೀಡಾಪುಟದ ನೆತ್ತಿಯಲ್ಲೇ ದೊಡ್ಡ ಚಿತ್ರ: ಕಾಲಿಗೆ ಇಬ್ಬರು, ಬೆನ್ನ ಮೇಲೆ ಮೂವರು, ಕೆನ್ನೆಗೆಲ್ಲ ಮಣ್ಣು, ಚಾಚಿದ ಕೈ. ಕೆಳಗೆ ಅವಳ ರೈಡುಗಳದ್ದೇ ಮಾತು; ಮದುವೆಯಿಲ್ಲ, ಚಪಾತಿಯಿಲ್ಲ. ಬಸ್ಸಿನಲ್ಲಿ ಯಾರೋ ಅದನ್ನು ಓದುತ್ತಿದ್ದರು. "ನನ್ನ ಮಗಳು" ಎಂದೆ. ಅವರಿಗೆ ಕೇಳಿಸಲಿಲ್ಲ. ಇಡೀ ಬಸ್ಸಿಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ.

ಸಂಜೆ ಮನೆಗೆ ಬಂದವಳೇ, ಇದ್ದ ಹಳೇ ಫ್ರೇಮಿನ ಅಳತೆಗೆ ಚಿತ್ರ ಕತ್ತರಿಸಿ, ಗಾಜು ಕೂರಿಸಿ, ಹಾಲ್‌ನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಮಗಳು ಬಂದು ನೋಡಿದಳು. ಹತ್ತಿರ ಹೋಗಿ ಇನ್ನೊಮ್ಮೆ ನೋಡಿದಳು.

"ಅಮ್ಮಾ, ಬೆರಳೆಲ್ಲಿ?"

"ಯಾವ ಬೆರಳು?"

"ಗೆರೆ ಮುಟ್ಟಿದ್ದು! ಇದ್ರಲ್ಲಿ ನಾನು ಔಟ್ ಕಣಮ್ಮ."

ಪತ್ರಿಕೆಯವರು ಜೋಪಾನವಾಗಿ ಅಚ್ಚುಹಾಕಿದ್ದ ಬೆರಳ ತುದಿ, ಗೆರೆಯ ಸಮೇತ, ನಮ್ಮ ಕಸದ ಬುಟ್ಟಿಯ ಕಾಫಿ ಚರಟದಲ್ಲಿ ಬಿದ್ದಿತ್ತು.