ಅರ್ಧ ಬುಟ್ಟಾದಲ್ಲಿ ಏಳುವುದು

ದೇವಸಮುದ್ರದಲ್ಲಿ ಬಸ್ಸಿನಿಂದ ಬಿದ್ದೆ. ಮೆಟ್ಟಿಲು ಒದ್ದೆಯಾಗಿತ್ತು ಎಂದೇ ಎಲ್ಲರಿಗೂ ಹೇಳುತ್ತ ಬಂದೆ. ಬರೆಯಲು ಕೂತಾಗ ಅನುಮಾನ ಬಂತು. ಬೇಸಿಗೆಯ ನಡುಮಧ್ಯಾಹ್ನ, ಮೆಟ್ಟಿಲನ್ನು ಒದ್ದೆ ಮಾಡಿದವರು ಯಾರು? ಬಸ್ಸು ಪೂರ್ತಿ ನಿಲ್ಲುವ ಮುಂಚೆ ನಾನೇ ಇಳಿದಿರಬೇಕು. ನೆನಪು ಒಳ್ಳೆಯ ನೇಕಾರ. ಕಡಿದ ಎಳೆಯನ್ನು ಗಂಟು ಕಾಣದಂತೆ ಹೊಸೆದು ಮುಂದೆ ಹೋಗುತ್ತದೆ. ಇಲ್ಲಿ ಮಾತ್ರ ಗಂಟುಗಳನ್ನು ಮೇಲೆಯೇ ಬಿಡುತ್ತೇನೆ.

ಎಡಗಾಲಿನ ಮೂಳೆ ಮೊಣಕಾಲಿನ ಕೆಳಗೆ ಮುರಿದಿತ್ತು. ಪ್ಲೇಟು, ಸ್ಕ್ರೂ ಹಾಕಿದರು. ಮೂಳೆ ಕೂಡಿಕೊಂಡಿತು. ಮೊಣಕಾಲು ಮಾತ್ರ ಮಡಚುವುದನ್ನು ಮರೆತುಬಿಟ್ಟಿತ್ತು.

ಮೊಳಕಾಲ್ಮೂರಿನ ನಮ್ಮ ಮನೆಯ ನಡುಕೋಣೆಯಲ್ಲಿ ಎರಡು ಗುಂಡಿ ಮಗ್ಗಗಳಿವೆ, ಒಂದು ಗಂಡನದು, ಒಂದು ನನ್ನದು. ನೆಲ ಅಗೆದು ಮಾಡಿದ ಗುಂಡಿಯ ದಡದಲ್ಲಿ ಹಲಗೆ. ಅದರ ಮೇಲೆ ಕೂತು, ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು ತುಳಿಯುತ್ತ ನೇಯಬೇಕು. ಒಳಗೆ ಇಳಿಯುವಾಗ, ಅದಕ್ಕಿಂತ ಹೆಚ್ಚಾಗಿ ಏಳುವಾಗ, ಮೊಣಕಾಲು ಎದೆಯ ಹತ್ತಿರ ಬರುವಷ್ಟು ಮಡಚಬೇಕು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳುವ ಜಾಗ ಆ ಗುಂಡಿಯೇ.

ನಾನು ಕೋಲು ಬಿಟ್ಟು ನಡೆಯತೊಡಗಿದ ವಾರ ಗಂಡ ಮಾತು ತೆಗೆದರು.

"ನೋಡು, ಆ ಗುಂಡಿ ಮುಚ್ಚಿಸಿಬಿಡಾನ. ಅಲ್ಲಿ ನೂಲು ಸುತ್ತೋ ಮೋಟ್ರು ಇಡ್ತೀನಿ. ಕುರ್ಚಿ ಮೇಲೆ ಕೂತು ಕಂಡಿಕೆ ಸುತ್ತು. ಕಾಲಿಗೂ ಆರಾಮ."

ಕಂಡಿಕೆ ಎಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಅದನ್ನು ಸುತ್ತುವುದು ಮನೆಯ ಮಕ್ಕಳ ಕೆಲಸ, ಮುದುಕರ ಕೆಲಸ.

"ಕಂಡಿಕೆ ಸುತ್ತಾಕೆ ನನಗೇನು ಅತ್ತೆಯಷ್ಟು ವಯಸ್ಸಾಗೈತಾ?"

"ಮತ್ತೇನ್ಮಾಡ್ತೀಯಾ? ನಾನೇ ಇಳಿಸಬೇಕು, ನಾನೇ ಎತ್ತಬೇಕು. ನಾನು ಚಳ್ಳಕೆರೆಗೆ ಹೋದ ದಿನ ಸಂಜೆ ತನಕ ಗುಂಡ್ಯಾಗೇ ಇರ್ತೀಯಾ?"

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ಸಿಟ್ಟು ಬಂತು.

"ಆಯುಧಪೂಜೆ ತನಕ ಬಿಡ್ರಿ. ಯಾರೂ ಕೈ ಹಚ್ಚದಂಗೆ ಇಳಿದು ಎದ್ದು ತೋರಿಸ್ತೀನಿ. ಆಗಲಿಲ್ಲಾಂದ್ರೆ ಮುಚ್ಚಿಸ್ರಿ."

ಅವರು ಗಾರೆ ಕೆಲಸದವನಿಗೆ ಹಬ್ಬದ ಹಿಂದಿನ ದಿನ ಬರಲು ಹೇಳಿಬಿಟ್ಟರು.

ಚಳ್ಳಕೆರೆಯ ಫಿಸಿಯೋಥೆರಪಿ ಕ್ಲಿನಿಕ್ಕು ಮಹಡಿಯ ಮೇಲಿತ್ತು. ಮೊಣಕಾಲಿನ ತೊಂದರೆಯವರೇ ಬರುವ ಕಡೆ ಕಡಿದಾದ ಮೆಟ್ಟಿಲು. ಹತ್ತಿ ಮುಟ್ಟಿದವರು ಅರ್ಧ ಗುಣವಾದಂತೆಯೇ. ಕಿಟಕಿಯಿಂದ ಶೇಂಗಾ ಎಣ್ಣೆಯ ಬೆಚ್ಚನೆ ವಾಸನೆ ಬರುತ್ತಿತ್ತು. ಒಳಗೆ ನಿಂತಲ್ಲೇ ತುಳಿಯುವ ಸೈಕಲ್ಲು, ರಾಟೆಗೆ ಹಾಕಿದ ಹಗ್ಗ, ಬಣ್ಣಬಣ್ಣದ ರಬ್ಬರ್ ಪಟ್ಟಿಗಳು. ಮಾರುಕಟ್ಟೆಯ ಹಮಾಲಿಯೊಬ್ಬರು ಹಗ್ಗ ಹಿಡಿದು ನೋಯುವ ತೋಳನ್ನು ಮೇಲೆ ಕೆಳಗೆ ಎಳೆಯುತ್ತ, "ಮೂಟೆ ಎತ್ತಿದ್ರೆ ಕೂಲಿ ಕೊಡ್ತಾರೆ, ಇಲ್ಲಿ ಬರೀ ಕೈ ಎತ್ತಾಕೆ ನಾನೇ ಕೊಡ್ಬೇಕು ನೋಡ್ರಿ" ಎಂದು ಗೊಣಗುತ್ತಿದ್ದರು.

ವ್ಯಾಯಾಮ ಹೇಳಿಕೊಡುವ ಹುಡುಗಿ ನನ್ನ ಮೊಣಕಾಲನ್ನು ಹಿಡಿದು ಮಡಚಿ ನೋಡಿದಳು.

"ಮೊಳಕಾಲ್ಮೂರಿನವರೇ ಮೊಣಕಾಲು ಹಿಡ್ಕೊಂಡು ಬಂದ್ರೆ ಹೆಂಗಮ್ಮಾ?" ಎಂದು ನಕ್ಕು, ಆಮೇಲೆ ಗಂಭೀರವಾಗಿ ಹೇಳಿದಳು: "ಎಳೆದಂಗೆ ಆಗೋ ತನಕ ಮಡಚಿ. ಚುಚ್ಚಿದಂಗೆ ನೋವು ಬಂತು ಅಂದ್ರೆ ಅಲ್ಲೇ ನಿಲ್ಲಿಸಬೇಕು. ಅರ್ಧಕ್ಕೆ ಆದ್ರೂ ನಿಲ್ಲಿಸಬೇಕು."

ತಲೆಯಾಡಿಸಿದೆ. ಕೇಳಿಸಿಕೊಂಡಿದ್ದೆನೇ? ಕೇಳಿಸಿತ್ತು, ಒಳಗೆ ಇಳಿದಿರಲಿಲ್ಲ.

ಮನೆಯಲ್ಲಿ ನನ್ನದೇ ವ್ಯಾಯಾಮಶಾಲೆ ಎದ್ದಿತು. ರಬ್ಬರ್ ಪಟ್ಟಿ ಬೇಗ ಕಿತ್ತುಹೋಯಿತು. ಗಂಡ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಕೊಟ್ಟರು. ಗುಂಡಿ ಮುಚ್ಚಿಸಬೇಕೆಂದವರೇ ಟ್ಯೂಬನ್ನೂ ಸೀಳಿದರು. ಎರಡನ್ನೂ ಒಂದೇ ಮುಖದಲ್ಲಿ. ಮಗ್ಗಕ್ಕೆ ಭಾರ ಕಟ್ಟುವ ಮರಳಿನ ಚೀಲವನ್ನು ಕಾಲಿಗೆ ಬಿಗಿದುಕೊಂಡು ಎತ್ತಿದೆ. ಊಟದ ಮಣೆಯನ್ನು ಗೋಡೆಗೆ ಒತ್ತಿಟ್ಟು ಹತ್ತಿ ಇಳಿದೆ. ಬೆಳಗಾದರೆ ಸೀರೆಯ ಕೆಳಗೆ ಬೂಟು ಹಾಕಿಕೊಂಡು ಮೈದಾನ ಸುತ್ತಿದೆ. ಅಂಚಿನ ಮನೆಯಾಕೆ ನೀರು ಹಿಡಿಯುತ್ತ ಕೇಳುತ್ತಿದ್ದಳು:

"ಏನಕ್ಕಾ, ಪೊಲೀಸ್ ಸೆಲೆಕ್ಷನ್ನಿಗಾ?"

"ಹೂಂ. ಮೊದಲು ನಿನ್ನನ್ನೇ ಹಿಡೀತೀನಿ. ಆ ಪೈಪು ನನ್ನ ಮನೇದು."

ತಪ್ಪು ಆದದ್ದು ಇಲ್ಲಿ. ನಮ್ಮ ಮಗ್ಗದಲ್ಲಿ ಒಂದು ಕಟ್ಟಳೆಯಿದೆ: ಬುಟ್ಟಾ, ಅಂದರೆ ಸೀರೆಯ ಮೈಮೇಲಿನ ಆ ಒಂದೊಂದು ಮಾವಿನಕಾಯಿ ಚಿತ್ತಾರ, ಅರ್ಧವಾಗಿದ್ದಾಗ ಮಗ್ಗ ಬಿಟ್ಟು ಏಳಬಾರದು. ಎದ್ದು ಬಂದು ಮತ್ತೆ ಕೂತರೆ ಎಳೆಯನ್ನು ಬಡಿದು ಕೂಡಿಸುವ ಕೈಯ ಪೆಟ್ಟು ಬೇರೆಯಾಗುತ್ತದೆ. ಮಾವಿನಕಾಯಿಯ ನಡುವೆ ಸಣ್ಣ ಗೀಟು ಬೀಳುತ್ತದೆ. ಕೊಳ್ಳುವವರಿಗೆ ಕಾಣದು, ನೇಯುವವರಿಗೆ ಕಾಣದೆ ಇರದು. ಅತ್ತೆ ತೆಲುಗು ಮನೆಯಿಂದ ಬಂದವರು. ಹೊಸದಾಗಿ ನಾನು ಮಗ್ಗಕ್ಕೆ ಕೂತಾಗ ಪಕ್ಕದಲ್ಲೇ ಕೂತು, "ಸಗಂಲೋ ಲೇವಕೂಡದು" ಎನ್ನುತ್ತಿದ್ದರು. ಅರ್ಧದಲ್ಲಿ ಏಳಬಾರದು. ಒಲೆಯ ಮೇಲೆ ಹಾಲು ಉಕ್ಕಿದರೂ, ಕೂಸು ಅತ್ತರೂ, ಮಾವಿನಕಾಯಿಯ ಕೊಕ್ಕು ತಿರುಗಿ ಮುಚ್ಚಿಕೊಂಡ ಮೇಲೆಯೇ ಏಳುವುದು.

ಎಣಿಸುವುದು ನನಗೆ ಆಗದು. ಹಾಗಾಗಿ ಕಾಲು ಮಡಚುವಾಗ ಮನಸ್ಸಿನಲ್ಲಿ ಬುಟ್ಟಾ ನೇಯುತ್ತಿದ್ದೆ. ಒಂದು ಸಲ ಮಡಚಿದರೆ ಒಂದು ಎಳೆ. ತೊಟ್ಟು, ಹೊಟ್ಟೆ, ಕೊಕ್ಕು. ಹೊಟ್ಟೆಯ ಅಗಲಕ್ಕೆ ಬರುವಾಗ ನೋವು ಚುಚ್ಚುತ್ತಿತ್ತು. ನಿಲ್ಲಿಸಲಿಲ್ಲ. ಹಲ್ಲು ಕಚ್ಚಿ ಕೊಕ್ಕಿನ ತನಕ ಎಳೆದೆ. ಅದನ್ನೇ ಛಲ ಎಂದುಕೊಂಡೆ.

ಮೊಣಕಾಲು ಕುಂಬಳಕಾಯಿಯಂತೆ ಊದಿಕೊಂಡಿತು. ಮಡಚಲು ಬಂದಿದ್ದೂ ಹೋಯಿತು. ಚಳ್ಳಕೆರೆಯ ಹುಡುಗಿ ಬೈಯಲಿಲ್ಲ. ಬುಟ್ಟಾದ ಕಥೆ ಕೇಳಿ, ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, "ಈಗ ನನ್ನ ಮುಂದೆ ಅರ್ಧ ಬುಟ್ಟಾ ನೇಯ್ದು ನಿಲ್ಲಿಸ್ರಿ ನೋಡೋಣ" ಎಂದಳು.

ಹೊಟ್ಟೆಯ ಅಗಲದಲ್ಲಿ ನಿಲ್ಲಿಸಿದೆ. ನೋವಿಗಿಂತ ಅದು ಕಷ್ಟವಾಗಿತ್ತು. ತೊಡೆ ತಾನಾಗಿಯೇ ಮುಂದಿನ ಎಳೆಗೆ ಎದ್ದಿತು. ಕೈಯಿಂದ ಒತ್ತಿ ಹಿಡಿಯಬೇಕಾಯಿತು. ಬೆವರು ಬಂತು, ಅಷ್ಟು ಖಚಿತ.

ಅಂದಿನಿಂದ ನನ್ನ ಕಸರತ್ತು ಎಂದರೆ ನಿಲ್ಲಿಸುವುದೇ. ಊತ ಇಳಿಯಿತು. ಅರ್ಧ, ಅರ್ಧ, ಅರ್ಧಕ್ಕಿಂತ ಒಂದೆಳೆ ಹೆಚ್ಚು, ಮತ್ತೆ ಅರ್ಧ. ಪಾರ್ಕಿನಲ್ಲಿ ಹಾಕಿರುವ ಕಬ್ಬಿಣದ ವ್ಯಾಯಾಮದ ಯಂತ್ರಗಳಲ್ಲಿ ಕಾಲು ತೂಗುವುದೊಂದನ್ನು ಹಿಡಿದೆ. ಮಿಕ್ಕವುಗಳ ಮೇಲೆ ಯಾರದೋ ಬಟ್ಟೆಗಳು ಒಣಗುತ್ತಿದ್ದವು. ಮಳೆಗಾಲ ಬಂದದ್ದೂ ಹೋದದ್ದೂ ನೆನಪಿಲ್ಲ. ನೆನಪಿರುವುದು ಹಿಮ್ಮಡಿ ಮತ್ತು ತೊಡೆಯ ನಡುವಿನ ಸಂದು ಕಿರಿದಾಗುತ್ತ ಬಂದದ್ದು.

ಆಯುಧಪೂಜೆಯ ಹಿಂದಿನ ಬೆಳಗ್ಗೆ ಗಾರೆ ಕೆಲಸದವನು ಬಂದು ಟೇಪು ಬಿಚ್ಚಿ ಗುಂಡಿಯ ಆಳ ನೋಡಿದ.

"ಕಲ್ಲು, ಮಣ್ಣು ಹಿಡೀತೈತೆ ಅಣ್ಣಾ. ಮೇಲೆ ಒಂದು ಪದರ ಕಾಂಕ್ರೀಟು."

"ಒಂಚೂರು ಸರಿ," ಎಂದು ಅವನನ್ನು ಪಕ್ಕಕ್ಕೆ ಸರಿಸಿ ಹಲಗೆಯ ಮೇಲೆ ಕೂತೆ. ಬಲಗಾಲು ಇಳಿಯಿತು. ಎಡಗಾಲನ್ನು ಮಡಚಿ, ಮಗ್ಗದ ದಿಮ್ಮಿಯ ಕೆಳಗೆ ನುಸುಳಿಸಿ ಇಳಿಸಿದೆ. ಪಾದಕ್ಕೆ ತುಳಿಯುವ ಹಲಗೆ ಸಿಕ್ಕಿತು. ಬಸ್ಸಿನಿಂದ ಬೀಳುವ ಮುಂಚೆ ಬಿಟ್ಟಿದ್ದ ಸೀರೆಯೇ ಮಗ್ಗದ ಮೇಲಿತ್ತು. ಲಾಳಿ ಹೊಡೆದೆ. ಗಂಡ ತಮ್ಮ ಮಗ್ಗ ನಿಲ್ಲಿಸಿ ನೋಡುತ್ತಿದ್ದರು. ಅತ್ತೆ ಬಾಗಿಲಲ್ಲಿ ಕೂತಿದ್ದರು.

ಮಾವಿನಕಾಯಿಯ ಹೊಟ್ಟೆ ಅಗಲವಾಗುತ್ತಿದ್ದಂತೆ ಮೊಣಕಾಲಲ್ಲಿ ಚುಚ್ಚಿತು. ಕೊಕ್ಕಿನ ತನಕ ಎಳೆದರೆ ಏಳಲಾರೆ ಎಂದು ಕಾಲಿಗೆ ಗೊತ್ತಿತ್ತು. ಲಾಳಿಯನ್ನು ಕೆಳಗಿಟ್ಟೆ.

"ಸಗಂಲೋ," ಎಂದರು ಅತ್ತೆ.

"ಹೌದು ಅತ್ತೆ, ಅರ್ಧದಾಗೇ."

ಕೈಗಳನ್ನು ಹಲಗೆಗೆ ಊರಿದೆ. ಮೊಣಕಾಲನ್ನು ಎದೆಯತ್ತ ತಂದು, ಪಾದವನ್ನು ದಡಕ್ಕೆ ಇಟ್ಟು ಮೈಯೆತ್ತಿದೆ. ನಡುವೆ ಒಂದು ಕಡೆ ನಿಂತುಹೋದೆ, ಮೇಲೂ ಇಲ್ಲ ಕೆಳಗೂ ಇಲ್ಲ. ಗಂಡ ಎದ್ದು ಬಂದರು. ಕೈ ಚಾಚಲಿಲ್ಲ. ಅತ್ತೆಯ ದನಿ ಕೇಳಿಸಿತು: "ಮೆಲ್ಲಗಾ." ನಿಧಾನವಾಗಿ. ಎದ್ದು ನಿಂತೆ.

ಗಾರೆ ಕೆಲಸದವನು ಟೇಪು ಸುತ್ತಿಕೊಂಡ. "ಹಂಗಾರೆ ಕಲ್ಲು ತರೋದು ಬ್ಯಾಡ್ವಾ ಅಕ್ಕಾ?"

ಗಂಡ ಬಟ್ಟೆಯ ಮೇಲೆ ಬಾಗಿ ಅರ್ಧ ಮಾವಿನಕಾಯಿಯನ್ನು ನೋಡಿದರು. "ಗೀಟು ಬೀಳ್ತೈತೆ."

"ಬೀಳ್ಲಿ ಬಿಡ್ರಿ."

ಗಾರೆ ಕೆಲಸದವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಗುಂಡಿಯ ಒಳಗೋಡೆಗೆ ಪಾದ ಊರುವಷ್ಟು ಒಂದು ಮೆಟ್ಟಿಲು ಕಟ್ಟಿಸಿದೆವು. ಅದನ್ನು ಕೇಳಿದ್ದು ತಾವು ಎನ್ನುತ್ತಾರೆ ಗಂಡ, ನಾನು ಎಂದು ನನ್ನ ನೆನಪು. ತೀರ್ಮಾನವಾಗಿಲ್ಲ. ಗಾರೆ ಒಣಗಿದ ಮೇಲೆ ಅದರ ಮೇಲೆ ಕಾಲಿಟ್ಟು ಇಳಿದು, ಉಳಿದ ಅರ್ಧವನ್ನು ನೇಯ್ದೆ. ಗೀಟು ಬಿದ್ದಿದೆ.